ಮೇಲಿನ ಮನೆಯ ಸಪ್ಪಳ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಇಪ್ಪತ್ತೆರಡು ಮನೆಗಳಿವೆ. ಅವುಗಳಲ್ಲಿ ಹದಿನೆಂಟರ ಜೊತೆ ನಾನು ಒಂದಲ್ಲ ಒಂದು ಸಲ ಜಗಳವಾಡಿದ್ದೇನೆ. ಉಳಿದ ನಾಲ್ಕರಲ್ಲಿ ಒಂದು ನಮ್ಮದೇ, ಒಂದಕ್ಕೆ ವರ್ಷಗಟ್ಟಲೆಯಿಂದ ಬೀಗ, ಇನ್ನೊಂದರಲ್ಲಿರುವ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ. ನಾಲ್ಕನೆಯದು ನಮ್ಮ ಕೆಳಗಿನ ಮನೆ. ಅಲ್ಲಿಗೆ ದಸರೆಯ ಹೊತ್ತಿಗೆ ಯಾರೋ ಬಾಡಿಗೆಗೆ ಬಂದಿದ್ದರು, ಜಗಳಕ್ಕೆ ಇನ್ನೂ ಸಮಯ ಸಿಕ್ಕಿರಲಿಲ್ಲ.

ನೀರು, ಪಾರ್ಕಿಂಗು, ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ, ಮೇಲಿನಿಂದ ತೊಟ್ಟಿಕ್ಕುವ ಹಸಿ ಸೀರೆ, ಕಾರಣಕ್ಕೇನು ಬರ. ಇದರಿಂದ ಒಂದು ಅನುಕೂಲವಾಗಿತ್ತು. ನಮ್ಮ ಮನೆಯ ಗಂಟೆಯನ್ನು ಯಾರೂ ಒತ್ತುತ್ತಿರಲಿಲ್ಲ. ಒಂದು ವಾಟಿ ಸಕ್ಕರೆ ಕೇಳಿಕೊಂಡು, ಪ್ರಸಾದ ಹಿಡಿದುಕೊಂಡು ಬರುವವರು ಯಾರೂ ಇಲ್ಲ. ಹಾಲಿನವನು ಕೂಡ ಚೀಲವನ್ನು ಬಾಗಿಲ ಹಿಡಿಕೆಗೆ ತೂಗುಹಾಕಿ ಓಡುತ್ತಿದ್ದ. ಮನೆ ಶಾಂತವಾಗಿದೆ, ಒಳ್ಳೆಯದಾಯಿತು ಎಂದು ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಮಧ್ಯಾಹ್ನ ಎದುರು ಮನೆಯ ಗಂಟೆ ಬಾರಿಸಿದರೂ ನಮ್ಮದೇನೋ ಎಂದು ಎದ್ದು ಕೂರುತ್ತಿದ್ದೆ.

ನಮ್ಮವರು, ಮಹದೇವಪ್ಪ ಪಾಟೀಲರು, ನನಗೆ ಪೂರ್ತಿ ವಿರುದ್ಧ. ಹಡಪಸರದ ಒಂದು ಕಾರಖಾನೆಯಲ್ಲಿ ಮೂವತ್ತಾರು ವರ್ಷ ಯಂತ್ರಗಳ ನಡುವೆ ದುಡಿದು ನಿವೃತ್ತರಾದವರು. ಸಪ್ಪಳ ಕೇಳಿಯೇ ಯಂತ್ರಕ್ಕೆ ಎಲ್ಲಿ ಬೇನೆ ಎಂದು ಹೇಳುತ್ತಿದ್ದರಂತೆ. ಈಗ ಆ ವಿದ್ಯೆಯನ್ನು ನನ್ನ ರೊಟ್ಟಿಯ ಮೇಲೆ ನಡೆಸುತ್ತಾರೆ. ನಾವು ಧಾರವಾಡದ ಹತ್ತಿರದ ಅಮ್ಮಿನಭಾವಿಯವರು. ಪುಣೆಗೆ ಬಂದು ನಲವತ್ತು ವರ್ಷವಾದರೂ ಬೆಳಗಿನ ಬಿಸಿ ಜೋಳದ ರೊಟ್ಟಿ ತಪ್ಪಿಲ್ಲ, ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರೂ ಅದಕ್ಕೇ ಒಪ್ಪಿಗೆ ಕೊಟ್ಟಿದ್ದಾರೆ. ಬೆಳಗ್ಗೆ ಐದೂ ಮುಕ್ಕಾಲಿಗೆ ನಾನು ಅಡುಗೆಕಟ್ಟೆಯ ಮೇಲೆ ಕಟ್ಟಿಗೆಯ ಹಲಗೆ ಇಟ್ಟು ರೊಟ್ಟಿ ಬಡಿಯಲು ನಿಂತರೆ, ಅವರು ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನ ಹವಾಮಾನ ತಿಳಿದುಕೊಳ್ಳುತ್ತಾರೆ. ಏಟು ಒಂದೇ ಸಮ ಬಿದ್ದರೆ ಮನಸ್ಸು ನೆಟ್ಟಗಿದೆ. ತಡೆದು ತಡೆದು ಬಿದ್ದರೆ ಏನೋ ಚಿಂತೆ. ಬಿರುಸಾಗಿ ಬಿದ್ದರೆ ಅಂದು ಅವರು ಚಹಾ ಸಹ ಕೇಳದೆ ತಿರುಗಾಡಲು ಹೋಗಿಬಿಡುತ್ತಾರೆ. ನನ್ನ ಸಿಟ್ಟೆಲ್ಲ ರೊಟ್ಟಿ ತಿಂದುಕೊಂಡದ್ದಕ್ಕೇ ನಮ್ಮ ಸಂಸಾರ ನಡೆಯಿತು ಎಂದು ಅವರ ಅಂಬೋಣ.

ದೀಪಾವಳಿ ಮುಗಿದ ಮರುವಾರ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಒಂದು ದೂರು ಬಂತು. ದಿನಾ ಬೆಳಗ್ಗೆ ಐದೂ ಮುಕ್ಕಾಲಿನಿಂದ ಆರೂವರೆವರೆಗೆ ಯಾರೋ ಸುತ್ತಿಗೆಯಿಂದ ಕುಟ್ಟುತ್ತಾರೆ, ದಯವಿಟ್ಟು ನಿಲ್ಲಿಸಬೇಕು, ಎಂದು. ಕೆಳಗಿನ ಮನೆಯವರು ಬರೆದದ್ದು. ಅದನ್ನು ಓದಿ ನನಗೆ ಮೈ ಉರಿಯಿತು. ನಸುಕಿನಲ್ಲಿ ಕಟ್ಟಿಗೆ ಕೆಲಸವೇ? ನಾನು ಮರಾಠಿಯಲ್ಲಿ ಗುಂಪಿಗೆಲ್ಲ ಕೇಳುವಂತೆ ಬರೆದೆ: ಇದು ಅತಿಯಾಯಿತು, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ, ಕುಟ್ಟುವವರನ್ನು ಹುಡುಕಿ ನೋಟೀಸು ಕೊಡಿ, ಸೆಕ್ರೆಟರಿ ನಿದ್ದೆ ಮಾಡುತ್ತಿದ್ದಾರೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೀರಿ. ನಾನು ಕುಂಬಳಕಾಯಿ ಹೊತ್ತುಕೊಂಡೇ ಕಳ್ಳನನ್ನು ಹುಡುಕಲು ಹೊರಟವಳು.

ನಮ್ಮ ಸೆಕ್ರೆಟರಿ ಹರಿಶ್ಚಂದ್ರ ಕಾಕಾ ನಿಯತ್ತಿನ ಮನುಷ್ಯ. ಮರುದಿನ ಬೆಳಗ್ಗೆ ಆರು ಗಂಟೆಗೆ ಮಫ್ಲರು ಸುತ್ತಿಕೊಂಡು, ವಾಚಮನ್‌ನನ್ನು ಕರೆದುಕೊಂಡು, ನೆಲಮಹಡಿಯಿಂದ ಒಂದೊಂದೇ ಬಾಗಿಲಿಗೆ ಕಿವಿಗೊಡುತ್ತ ಮೇಲೆ ಹತ್ತಿದರು. ಮೂರನೆಯ ಮಹಡಿಯಲ್ಲಿ ನಮ್ಮ ಬಾಗಿಲ ಮುಂದೆ ನಿಂತರು. ಎಷ್ಟೋ ವರ್ಷದ ಮೇಲೆ ನಮ್ಮ ಗಂಟೆ ಬಾರಿಸಿತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದು, “ಸಿಕ್ಕನಾ ಅವನು?” ಎಂದು ಮರಾಠಿಯಲ್ಲಿ ಕೇಳಿದೆ. ಕಾಕಾ ನನ್ನ ಕೈ ನೋಡಿದರು, ವಾಚಮನ್ ಬೇರೆ ಕಡೆ ನೋಡಿದ.

“ಪಾಟೀಲ ವಹಿನಿ,” ಎಂದು ಕಾಕಾ ಗಂಟಲು ಸರಿಮಾಡಿಕೊಂಡರು, “ಅದು ನೀವೇ.”

ನಲವತ್ತು ವರ್ಷ ಕೇಳುತ್ತ ಬಂದ ಸಪ್ಪಳವನ್ನು ಯಾರಾದರೂ ಗದ್ದಲವೆನ್ನಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಊರಲ್ಲಿ ರೊಟ್ಟಿಯ ಸಪ್ಪಳವಿಲ್ಲದೆ ಬೆಳಗಾಗುವುದು ಸಾವಾದ ಮನೆಯಲ್ಲಿ ಮಾತ್ರ. ಯಾವ ಮನೆಯಿಂದ ಸಪ್ಪಳ ಬರಲಿಲ್ಲವೋ ಆ ಮನೆಗೆ ಓಣಿಯ ಜನ ಹೋಗಿ ಏನಾಯಿತೆಂದು ವಿಚಾರಿಸುತ್ತಿದ್ದರು. ಅದನ್ನು ಈ ಜನ ಸುತ್ತಿಗೆ ಎನ್ನುತ್ತಾರೆ. ಅಂದು ನಾನು ಬಡಿದ ರೊಟ್ಟಿಗಳು ಎಷ್ಟು ತೆಳ್ಳಗಾದವೆಂದರೆ ಹಂಚಿಗೆ ಹಾಕುವಾಗ ಹರಿದವು. ನಮ್ಮವರು ಚಹಾ ಕುಡಿಯದೆಯೇ ಹೊರಬಿದ್ದರು.

ಎರಡು ದಿನ ಬಿಟ್ಟು ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿ ಬಂತು. ಕೆಳಗಿನ ಮನೆಯ ಬಾಗಿಲಿಗೆ ಮಾಲೀಕರದ್ದೇ ಹಳೆಯ ಫಲಕ ಇತ್ತು, ಗೋಖಲೆ ಎಂದು. ಬಾಡಿಗೆಯವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರೆಂದು ಮಾತ್ರ ಗೊತ್ತು. ಲಿಫ್ಟಿನಲ್ಲಿ ಒಮ್ಮೆ ಕಂಡಾಗ ಆ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಚೀಟಿ ಮರಾಠಿಯಲ್ಲಿತ್ತು, ಫೋನಿನಿಂದ ಅನುವಾದ ಮಾಡಿಸಿ ನೋಡಿ ನೋಡಿ ಬರೆದದ್ದು. ಅದು ಸುತ್ತಿಗೆಯಲ್ಲ, ರೊಟ್ಟಿ, ಮರಾಠಿಯ ಭಾಕರಿ, ಎಂದು ಕಾಕಾ ಹೇಳಿರಬೇಕು. ಚೀಟಿಯ ಮರಾಠಿ ಹೀಗಿತ್ತು: ‘ಆದರಣೀಯ ಮಹೋದಯಾ, ನಿಮ್ಮ ಭಾಕರಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳಗ್ಗೆ ಹನ್ನೊಂದರ ಮೊದಲು ಅದರ ಮೇಲೆ ಹಲ್ಲೆ ಮಾಡಬಾರದಾಗಿ ವಿನಂತಿ. ನಾನು ರಾತ್ರಿಯೆಲ್ಲ ಕೆಲಸ ಮಾಡಿ ನಾಲ್ಕಕ್ಕೆ ಮಲಗುತ್ತೇನೆ.’

ನಮ್ಮವರು ಓದಿ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಚೀಟಿಯ ಹಿಂದೆ ನಾನು ಅಚ್ಚುಕಟ್ಟಾದ ಮರಾಠಿಯಲ್ಲಿ ಬರೆದೆ: ‘ಜೋಳದ ಭಾಕರಿ ಬಡಿಯದೆ ಆಗುವುದಿಲ್ಲ. ನಿದ್ದೆ ಬೇಕಾದವರು ಎಲ್ಲರಂತೆ ರಾತ್ರಿ ಮಲಗಬೇಕು.’ ಹೋಗಿ ಅವರ ಬಾಗಿಲ ಕೆಳಗೆ ತೂರಿಸಿ ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದದ್ದಂತೂ ಕಾಗದದ ಮೇಲೆ ಹಾಗೆಯೇ ಉಳಿಯುತ್ತದೆ. ಕೆಳಗಿನಿಂದ ಮತ್ತೆ ಏನೂ ಬರಲಿಲ್ಲ. ಗೆದ್ದೆ ಎಂದುಕೊಂಡು ಮುಂದಿನ ಮೂರು ವಾರ ಮೊದಲಿಗಿಂತ ಜೋರಾಗಿ ಬಡಿದೆ.

ಡಿಸೆಂಬರಿನ ಒಂದು ಸಂಜೆ ಲಿಫ್ಟು ಕೆಟ್ಟಿತ್ತು. ಮೆಂತ್ಯ, ಹಸಿಮೆಣಸಿನಕಾಯಿಯ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೊದಲ ಮಹಡಿ ದಾಟಿದ ಮೇಲೆ ತಿರುವಿನಲ್ಲಿ ಆ ಹುಡುಗಿ ಮೆಟ್ಟಿಲ ಮೇಲೆಯೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಮಗ್ಗುಲಲ್ಲಿ ಆಸ್ಪತ್ರೆಯ ಕಡತ, ಒಂದು ಕೈ ಹೊಟ್ಟೆಯ ಮೇಲೆ. ಹೊಟ್ಟೆ ಏಳು ತಿಂಗಳಿನದು. ಲಿಫ್ಟಿನಲ್ಲಿ ಕಂಡಾಗ ದೊಗಲೆ ಅಂಗಿಯಲ್ಲಿ ನನಗೆ ಗೊತ್ತಾಗಿರಲಿಲ್ಲ. ಆದರೆ ನನ್ನ ಕಾಲು ನಿಂತದ್ದು ಅದಕ್ಕಲ್ಲ. ಆಕೆ ಕನ್ನಡದಲ್ಲಿ ಮಾತಾಡುತ್ತಿದ್ದಳು.

“ಇಲ್ಲ ಕಣಮ್ಮ, ಮಗು ಚೆನ್ನಾಗಿದೆಯಂತೆ. ನನ್ನ ಬೀಪೀನೇ ಇಳೀತಿಲ್ಲ. ನಿದ್ದೆ ಆಗ್ಲೇಬೇಕು, ಇಲ್ಲಾಂದ್ರೆ ಅಡ್ಮಿಟ್ ಮಾಡ್ಕೋತೀವಿ, ಮಗೂನ ಬೇಗ ತೆಗೀಬೇಕಾಗತ್ತೆ ಅಂದ್ರು ಡಾಕ್ಟ್ರು.” ಸ್ವಲ್ಪ ಹೊತ್ತು ಅತ್ತ ಕಡೆಯ ಮಾತು ಕೇಳಿದಳು. “ಹೇಳ್ದೆ ಕಣಮ್ಮ. ಚೀಟಿ ಬರೆದೆ. ಮೇಲಿನ ಮನೇಲಿರೋದು ಮರಾಠಿಯವ್ರು, ಪಾಟೀಲ್ ಅಂತ. ರಾಕ್ಷಸಿ ಕಣಮ್ಮ ಆ ಹೆಂಗ್ಸು. ರಾತ್ರಿ ಮಲ್ಕೋ ಅಂತ ಬರೆದ್ಲು. ನಂಗೆ ಅವ್ರ ಭಾಷೇಲಿ ಜಗಳ ಆಡೋಕೂ ಬರಲ್ಲ. ಬೆಳಗ್ಗೆ ಕಣ್ಣು ಹತ್ತೋ ಹೊತ್ಗೆ ಶುರು ಆಗತ್ತೆ, ಎದೆ ಹಾರ್ಕೊಂಡು ಎದ್ಬಿಡ್ತೀನಿ. ನೀನು ಅಳ್ಬೇಡ. ಅಜ್ಜೀನ ಬಿಟ್ಟು ಈಗ್ಲೇ ಹೇಗ್ ಬರ್ತೀಯ? ಒಂಬತ್ತನೇ ತಿಂಗಳಿಗೆ ಬಾ ಸಾಕು.”

ಪಾಟೀಲರು ಎಂದರೆ ಮರಾಠಿಯವರು ಎಂದು ಆಕೆ ತಿಳಿದದ್ದು, ಆಕೆಯ ಇಂಗ್ಲಿಷ್ ಕೇಳಿ ಉತ್ತರದ ಕಡೆಯವಳೆಂದು ನಾನು ತಿಳಿದದ್ದು, ಎರಡೂ ಒಂದೇ. ಒಂದೇ ಭಾಷೆಯ ಇಬ್ಬರು ಹೆಂಗಸರು ಮೇಲೆ ಕೆಳಗೆ ಕೂತು ಮರಾಠಿಯಲ್ಲಿ ಚೀಟಿ ತೂರಿಸಿಕೊಂಡಿದ್ದೆವು. ಅಲ್ಲೇ ಕೂತು, ಯವ್ವಾ, ಆ ರಾಕ್ಷಸಿ ನಾನ, ಎಂದುಬಿಡಬಹುದಿತ್ತು. ಆಗಲಿಲ್ಲ. ನಾಚಿಕೆಯಿಂದ ನಾಲಿಗೆ ಅಂಟಿಕೊಂಡಿತ್ತು. ಆಕೆ ನನ್ನನ್ನು ನೋಡಿ ಗಡಬಡಿಸಿ ಏಳಲು ಹೋದಳು. ನಾನು, ಕೂತಿರು, ಆರಾಮಿದ್ದೀಯಲ್ಲ, ಎಂದು ಮರಾಠಿಯಲ್ಲೇ ಕೇಳಿದೆ. ಆಕೆ ತಲೆಯಾಡಿಸಿದಳು. ಕಳ್ಳಿಯಂತೆ ಗೋಡೆ ಹಿಡಿದು ಮೇಲೆ ಹತ್ತಿಬಂದೆ.

ಮನೆಗೆ ಬಂದು ಚೀಲ ಇಟ್ಟು ಅಡುಗೆಮನೆಯಲ್ಲಿ ನಿಂತೆ. ನನ್ನ ಕಾಲ ಕೆಳಗಿನ ಆ ನೆಲ ಆಕೆಗೆ ಛಾವಣಿ. ಎರಡು ತಿಂಗಳು ನಾನು ಬಸುರಿ ಹೆಂಗಸಿನ ತಲೆಯ ಮೇಲೆ ಬಡಿದಿದ್ದೆ. ಆಕೆಗೆ ಅಥವಾ ಕೂಸಿಗೆ ಏನಾದರೂ ಆದರೆ ಅದು ನನ್ನ ಈ ಎರಡು ಕೈಗಳಿಂದಲೇ ಆದದ್ದು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬಡಿಯದೆ ರೊಟ್ಟಿ ಹೇಗೆ ಮಾಡುವುದು? ತಡವಾಗಿ ಮಾಡೋಣವೆಂದರೆ ನಮ್ಮವರು ಗುಳಿಗೆ ನುಂಗಿ ಏಳು ಗಂಟೆಗೆ ಉಣ್ಣಲೇಬೇಕು. ಚಪಾತಿ ಕೊಟ್ಟರೆ ಸಕ್ಕರೆ ಏರುತ್ತದೆ. ಹಲಗೆಯ ಕೆಳಗೆ ಟವೆಲು ಮಡಚಿ ಇಟ್ಟು ನೋಡಿದೆ, ಸಪ್ಪಳ ದಪ್ಪಗಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ನಮ್ಮ ಪಾತ್ರೆ ತಿಕ್ಕುವ ಸಿಂಧು ಮಾವಶಿಯನ್ನು ಕೇಳಿದೆ. ಆಕೆ ಕೊಂಕಣದವಳು. ಅವರ ಕಡೆ ಅಕ್ಕಿ ಭಾಕರಿಯನ್ನು ಎರಡು ಅಂಗೈಗಳ ನಡುವೆ ತಿರುಗಿಸುತ್ತ, ತಟ್ಟುತ್ತ, ಗಾಳಿಯಲ್ಲೇ ಅಗಲ ಮಾಡುತ್ತಾರೆ. ಹಲಗೆಯೂ ಬೇಡ, ಕಟ್ಟೆಯೂ ಬೇಡ.

“ನೀವಾ? ನನ್ನ ಹತ್ತಿರ ಕಲಿಯುತ್ತೀರಾ?” ಎಂದು ಮಾವಶಿ ಮರಾಠಿಯಲ್ಲಿ ಕೇಳಿ ನೆಲದ ಮೇಲೆ ಕೂತೇಬಿಟ್ಟಳು. ಹೋದ ವರ್ಷ ಪಾತ್ರೆಗೆ ಸೋಪು ಉಳಿಯಿತೆಂದು ನಾನು ಆಕೆಗೆ ಅಂದ ಮಾತೆಲ್ಲ ಆಕೆಯ ಮುಖದ ಮೇಲೆ ಬಂದುಹೋಯಿತು. ಆದರೂ ಕಲಿಸಿದಳು. ಅಕ್ಕಿ ಹಿಟ್ಟಿಗಿರುವ ಜಿಗಿ ಜೋಳಕ್ಕಿಲ್ಲ. ಮೊದಲ ದಿನ ಏಳು ರೊಟ್ಟಿಗಳಲ್ಲಿ ಐದು ಅಂಗೈಯಲ್ಲೇ ಬಿರಿದು ನೆಲಕ್ಕೆ ಬಿದ್ದವು. ಮಾವಶಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. “ಇಷ್ಟು ವರ್ಷ ಬಡಿಬಡಿದು ನಿಮ್ಮ ಕೈಗೆ ಮೆತ್ತಗೆ ಹಿಡಿಯುವುದು ಮರೆತುಹೋಗಿದೆ, ತಾಯಿ,” ಎಂದಳು. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅಂದೇ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಬಳೆ ಕೂಡ ಕಿಣಿಕಿಣಿ ಎನ್ನುತ್ತಿದ್ದವು. ಗಾಜಿನ ಬಳೆ ತೆಗೆಯುವಂತಿಲ್ಲ. ಮೊಣಕೈವರೆಗೆ ಏರಿಸಿ ಕರವಸ್ತ್ರದಿಂದ ಕಟ್ಟಿಕೊಂಡೆ.

ಸಪ್ಪಳವಿಲ್ಲದ ಆ ಮೊದಲ ಬೆಳಗ್ಗೆ ನಮ್ಮವರು ಹಾಸಿಗೆಯಿಂದ ಎದ್ದು ಬರಿಗಾಲಲ್ಲಿ ಅಡುಗೆಮನೆಗೆ ಓಡಿಬಂದರು. ಕನ್ನಡಕ ಕೂಡ ಹಾಕಿರಲಿಲ್ಲ.

“ಏನಾತು? ಊರಿಂದ ಫೋನ್ ಬಂತೇನು? ಯಾರು ಹೋದ್ರು?”

“ಯಾರೂ ಹೋಗಿಲ್ರಿ. ಸುಮ್ಮ ಮಲಕೋರಿ.”

“ಮತ್ತ ನೀ ಯಾಕ ಹಿಂಗ ಕೈ ಕಟಗೊಂಡು ನಿಂತಿ?”

ಮೆಟ್ಟಿಲ ಮೇಲೆ ಕೇಳಿದ್ದನ್ನೆಲ್ಲ ಹೇಳಿದೆ. ರಾಕ್ಷಸಿ ಅಂದದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಹಂಚಿನ ಮೇಲಿದ್ದ ದಪ್ಪ, ಅಂಚು ಒಡೆದ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಂಡು, “ಭಾಳ ಛಲೋ ಆಗ್ಯಾವ,” ಎಂದರು. ಒಳಗೆ ಹಸಿ ಹಸಿಯಾಗಿತ್ತು. ಪೂರ್ತಿ ತಿಂದರು.

ಹದಿನೈದು ದಿನ ಹೀಗೆಯೇ ನಡೆಯಿತು. ಕೈ ಕುದುರಿತು. ಆದರೆ ಸಿಟ್ಟು ಹೋಗಲು ದಾರಿಯಿಲ್ಲದೆ ನನಗೆ ಹೊಟ್ಟೆಯುಬ್ಬರ ಬಂದಂತಾಗಿತ್ತು. ನಮ್ಮವರಿಗೂ ನನ್ನ ಹವಾಮಾನ ತಿಳಿಯದೆ ದಿನಾ ಬಾಗಿಲ ಸಂದಿಯಿಂದ ಮುಖ ನೋಡಿ ಖಾತ್ರಿ ಮಾಡಿಕೊಂಡೇ ಒಳಗೆ ಬರುತ್ತಿದ್ದರು.

ಒಂದು ದಿನ ಹನ್ನೊಂದರ ಸುಮಾರಿಗೆ ಗಂಟೆ ಬಾರಿಸಿತು. ಎದುರು ಮನೆಯದು ಎಂದು ನಾನು ಏಳಲಿಲ್ಲ. ಮತ್ತೆ ಬಾರಿಸಿತು. ತೆರೆದರೆ ಆ ಹುಡುಗಿ. ಕೈಯಲ್ಲೊಂದು ಡಬ್ಬಿ, ಬಾಯಲ್ಲಿ ಪಾಠ ಮಾಡಿಕೊಂಡು ಬಂದ ಮರಾಠಿ. ‘ಕಾಕೂ, ಧನ್ಯವಾದ. ಈಗ ನಿದ್ದೆ ಬರುತ್ತದೆ. ಇದು ನಮ್ಮ ಊರಿನ ತಿಂಡಿ,’ ಎಂದು ಒಂದೊಂದೇ ಶಬ್ದ ಕೂಡಿಸಿ ಹೇಳಿದಳು. ಡಬ್ಬಿಯ ತುಂಬ ಕೋಡುಬಳೆ. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ನಾನು ಮರಾಠಿಯಲ್ಲೇ ಏನೋ ತೊದಲುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ನಮ್ಮವರ ದನಿ ಬಂತು.

“ಶಾಮಲಾ, ಬಾರ್ಸಿದ್ದು ನಮ್ಮ ಗಂಟೀನ ಏನು? ಯಾರ್ ಬಂದಾರ?”

ಹುಡುಗಿಯ ಕೈ ಡಬ್ಬಿಯ ಮೇಲೆ ಹಾಗೆಯೇ ನಿಂತಿತು. “ನೀವು... ಕನ್ನಡದವ್ರಾ?”

“ಹೌದವಾ.”

“ಅವತ್ತು ಮೆಟ್ಟಿಲ ಮೇಲೆ ನಾನು ಅಮ್ಮಂಗೆ...” ಮುಖ ಕೆಂಪಾಯಿತು. “ಎಲ್ಲಾ ಕೇಳಿಸ್ತಾ?”

“ರಾಕ್ಷಸಿ ಅಂದದ್ದೂ ಕೇಳಿಸ್ತು. ಬರೋಬ್ಬರಿ ಅಂದೀ. ತಪ್ಪು ನಂದವಾ. ಆ ಚೀಟಿ ಬರೀಬಾರ್ದಾಗಿತ್ತು.”

ಒಳಗೆ ನಮ್ಮವರ ಕೈಯಿಂದ ಪೇಪರು ಜಾರಿದ ಸಪ್ಪಳವಾಯಿತು. ನಲವತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಲ್ಲಿ ಅವರು ಕೇಳಿರಲಿಲ್ಲ. ಹುಡುಗಿ ನಗಲು ಹೋಗಿ ಅತ್ತುಬಿಟ್ಟಳು. ಕನ್ನಡದಲ್ಲಿ ಒಬ್ಬರು ಎದುರಿಗೆ ನಿಂತು ಮಾತಾಡಿ ಎಷ್ಟು ದಿನವಾಯಿತೋ ಆಂಟಿ, ಎಂದಳು. ಒಳಗೆ ಕರೆದು ಕೂರಿಸಿದೆ. ಹೆಸರು ರಂಜಿನಿ, ನಂಜನಗೂಡಿನವಳು. ಗಂಡ ಕಿಟ್ಟಿ ಬೆಳಗ್ಗೆ ಹಡಪಸರದ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ಈಕೆಯದು ಅಮೆರಿಕದ ಹೊತ್ತಿಗೆ ಸರಿಯಾಗಿ ಮನೆಯಿಂದಲೇ ಕೆಲಸ. “ನಾವು ಮುದ್ದೆ ತಿನ್ನೋರು ಆಂಟಿ. ರೊಟ್ಟಿ ಬಡೀತಾರೆ ಅಂತ್ಲೇ ಗೊತ್ತಿರ್ಲಿಲ್ಲ. ನಾನು ಬಡಗಿ ಅಂದ್ಕೊಂಡೆ,” ಎಂದಳು. ಅಂದು ಮೂವರೂ ಕೂತು ಅರ್ಧ ಡಬ್ಬಿ ಕೋಡುಬಳೆ ಮುಗಿಸಿದೆವು.

ಆಮೇಲೆ ದಿನಾ ಒಂದು ರೊಟ್ಟಿ ಕೆಳಗೆ ಹೋಗತೊಡಗಿತು. ಮೊದಮೊದಲು ಅದನ್ನು ಅಗಿಯಲು ದವಡೆ ನೋಯುತ್ತದೆ ಎನ್ನುತ್ತಿದ್ದಳು, ನಂತರ ಎಣ್ಣೆಗಾಯಿ ಇದ್ದರೆ ಎರಡು ಕಳಿಸಿ ಎನ್ನತೊಡಗಿದಳು. ಬೀಪಿ ಪೂರ್ತಿ ಇಳಿಯದಿದ್ದರೂ ಏರಲಿಲ್ಲ. ಒಂಬತ್ತನೆಯ ತಿಂಗಳಿಗೆ ಆಕೆಯ ತಾಯಿ ಮಹದೇವಮ್ಮ ಊರಿನಿಂದ ಬಂದರು. ಮಗಳ ರಾಕ್ಷಸಿ ಯಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ನನ್ನನ್ನು ಕಂಡ ಕೂಡಲೇ ಕೈ ಹಿಡಿದುಕೊಂಡು, “ನೀವಿದ್ರಲ್ಲ, ಸಾಕು ಬುಡಿ,” ಎಂದರು. ಫೆಬ್ರುವರಿಯ ಮೊದಲ ವಾರ, ದಿನ ತುಂಬಿಸಿಕೊಂಡೇ ಹೆಣ್ಣು ಕೂಸು ಹುಟ್ಟಿತು. ಕಿಟ್ಟಿ ಫೋನು ಮಾಡಿದಾಗ ನಮ್ಮವರು ಹೊರಗಿನ ಕೋಣೆಯಲ್ಲಿ ಸುಮ್ಮನೆ ಎರಡು ಸುತ್ತು ತಿರುಗಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ, ಆ ನೀರಿನ ಸದ್ದಿನಲ್ಲಿ ಅತ್ತೆ.

ಇಲ್ಲಿಗೆ ಸುಖವಾಯಿತು ಎಂದುಕೊಂಡಿದ್ದೆ. ಆದರೆ ಕೂಸಿಗೆ ಎರಡು ವಾರ ತುಂಬಿದ ಮೇಲೆ ನಸುಕಿನ ಅಳು ಶುರುವಾಯಿತು. ಐದಕ್ಕೆ ಎತ್ತಿದ ರಾಗ ಏಳರವರೆಗೆ. ಹೊಟ್ಟೆನೋವಲ್ಲ, ಹಸಿವಲ್ಲ, ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಬಜೆ ತೇದು ನೆಕ್ಕಿಸಿದರು, ದೃಷ್ಟಿ ತೆಗೆದರು, ಕಿಟ್ಟಿ ಕೂಸನ್ನು ಎತ್ತಿಕೊಂಡು ಪಾರ್ಕಿಂಗಿನಲ್ಲಿ ಸುತ್ತು ಹಾಕಿದ. ಈ ಸಲ ಕೆಳಗಿನ ಸಪ್ಪಳ ನಮಗೆ ಕೇಳುತ್ತಿತ್ತು. ಕೂಸಿಗೆ ಒಂದು ತಿಂಗಳಾಗುವ ಹೊತ್ತಿಗೆ ರಂಜಿನಿಯ ಕಣ್ಣು ಒಳಗೆ ಹೋಗಿದ್ದವು. ಹೆರಿಗೆಯಾದ ಮೇಲೆ ಇಳಿಯಬೇಕಾದ ಬೀಪಿ ಮತ್ತೆ ಮೇಲೆ ನಿಂತಿತ್ತು. ನಿದ್ದೆಯಿಲ್ಲದಿದ್ದರೆ ಗುಳಿಗೆ ಏನು ಮಾಡೀತು ಎಂದು ಡಾಕ್ಟರು ಗದರಿಸಿದ್ದರಂತೆ. ನಾನು ಎಷ್ಟು ಮೆತ್ತಗೆ ರೊಟ್ಟಿ ತಟ್ಟಿದರೂ ಆಕೆಗೆ ನಿದ್ದೆ ಕೊಡುವುದು ನನ್ನ ಕೈಯಲ್ಲಿ ಇರಲಿಲ್ಲ. ಅದು ನನ್ನನ್ನು ಬಹಳ ಕಾಡಿತು.

ಮಾರ್ಚಿನ ಒಂದು ಬೆಳಗ್ಗೆ, ಐದೂ ಮುಕ್ಕಾಲಿಗೆ, ನಾನು ಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದಾಗ ನಮ್ಮ ಗಂಟೆ ಬಾರಿಸಿತು. ಬಾಗಿಲಲ್ಲಿ ರಂಜಿನಿ. ತಲೆಗೆ ಬಾಣಂತಿಯ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ತೋಳಲ್ಲಿ ಮುಖವೆಲ್ಲ ಬಾಯಾಗಿ ಅಳುತ್ತಿರುವ ಕೂಸು.

“ಆಂಟಿ, ಅಮ್ಮ ಹೇಳಿ ಕಳ್ಸಿದ್ರು. ನಗ್ಬೇಡಿ.” ಆಕೆಯ ದನಿಯಲ್ಲಿ ಶಕ್ತಿಯೇ ಇರಲಿಲ್ಲ. “ಹೊಟ್ಟೇಲಿದ್ದಾಗ ಅಷ್ಟು ದಿನ ಇದೇ ಹೊತ್ತಿಗೆ ಕೇಳಿತ್ತಲ್ಲ. ಒಂದ್ಸಲ ಬಡೀತೀರಾ? ಮುಂಚಿನ ಹಾಗೆ?”

ಹಲಗೆಯನ್ನು ನಾನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಸ್ಟೂಲು ಹತ್ತಿ ತೆಗೆದೆ. ಒರೆಸಿ ಕಟ್ಟೆಯ ಮೇಲಿಟ್ಟೆ. ಕರವಸ್ತ್ರ ಬಿಚ್ಚಿದೆ, ಬಳೆಗಳು ಮಣಿಕಟ್ಟಿಗೆ ಜಾರಿದವು. ರಂಜಿನಿ ಅಡುಗೆಮನೆಯ ಮೂಲೆಯಲ್ಲಿದ್ದ ನಮ್ಮವರ ಬೆತ್ತದ ಕುರ್ಚಿಯಲ್ಲಿ ಕೂತಳು. ನಾನು ಹಿಟ್ಟಿನ ಉಂಡೆ ಇಟ್ಟು ಕೈ ಎತ್ತಿದೆ. ಹೆದರಿಕೆಯಾಗಿ ಮೊದಲ ಏಟು ಮೆಲ್ಲಗೆ ಹಾಕಿದೆ. ಕೂಸು ಅಳುತ್ತಲೇ ಇತ್ತು.

“ಜೋರಾಗಿ, ಆಂಟಿ.”

ಜೋರಾಗಿ ಬಡಿದೆ. ಹಲ್ಲು ಕಚ್ಚಿ ಅಲ್ಲ, ತೋಳು ಸಡಿಲ ಬಿಟ್ಟು, ಅವ್ವ ಮೊದಲ ಸಲ ಕಲಿಸಿದಾಗ ಬಡಿದ ಹಾಗೆ. ಒಂದು ರೊಟ್ಟಿ ಹಂಚಿಗೆ ಹೋಯಿತು. ಎರಡನೆಯದರ ಅರ್ಧಕ್ಕೆ ಅಳು ನಡುವೆ ನಿಂತಿತು. ತಿರುಗಿ ನೋಡಿದೆ. ಕೂಸು ಕಣ್ಣು ಬಿಟ್ಟುಕೊಂಡು, ಬಾಯಿ ಸಣ್ಣಗೆ ತೆರೆದು, ಆಲಿಸುತ್ತಿತ್ತು. ನಾನು ನಿಂತೆ. ಕೂಸಿನ ತುಟಿ ಸೊಟ್ಟಗಾಯಿತು. ಮತ್ತೆ ಬಡಿದೆ. ತುಟಿ ಸರಿಯಾಯಿತು.

ಕಾಕತಾಳೀಯ ಇರಬಹುದು. ಅಳಲು ಅಂದು ಅದಕ್ಕೇ ಬೇಸರ ಬಂದಿರಬಹುದು. ನಾನು ಆಸ್ಪತ್ರೆಯವಳಲ್ಲ, ನನಗೆ ತಿಳಿಯದು. ಮೂರನೆಯ ರೊಟ್ಟಿಗೆ ಕೂಸಿನ ಕಣ್ಣು ಮುಚ್ಚಿದವು. ನಾಲ್ಕನೆಯದು ಮುಗಿಸಿ, “ರಂಜಿನಿ, ನೋಡವಾ, ಮಲಗ್ತು,” ಎಂದೆ. ರಂಜಿನಿಯ ತಲೆ ಕುರ್ಚಿಯ ಬೆನ್ನಿಗೆ ವಾಲಿತ್ತು, ಬಾಯಿ ತೆರೆದಿತ್ತು. ಯಾವ ಸಪ್ಪಳದಿಂದ ಎದೆ ಹಾರಿಕೊಂಡು ಏಳುತ್ತಿದ್ದಳೋ ಅದರಿಂದ ಒಂದು ಮಾರು ದೂರದಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ನಮ್ಮವರು ಬಾಗಿಲಲ್ಲಿ ಬಂದು ನಿಂತಿದ್ದರು. ಮೆಲ್ಲಗೆ ಒಳಗೆ ಬಂದು, ಜಾರುತ್ತಿದ್ದ ಕೂಸನ್ನು ಆಕೆಯ ತೋಳಿನಿಂದ ಎತ್ತಿ ತಮ್ಮ ಎದೆಗೆ ಒರಗಿಸಿಕೊಂಡರು. ನಾನು ಬಡಿಯುತ್ತಲೇ ಇದ್ದೆ. ಅವರು ಸ್ವಲ್ಪ ಹೊತ್ತು ತಲೆ ವಾಲಿಸಿ, ಹಳೆಯ ಯಂತ್ರದ ಮುಂದೆ ನಿಂತವರ ಹಾಗೆ ಕೇಳಿದರು.

“ಇದು ಯಾವ ಸಪ್ಪಳ?” ಎಂದು ಪಿಸುಗುಟ್ಟಿದರು. “ಸಿಟ್ಟಿಂದಲ್ಲ. ಚಿಂತಿದೂ ಅಲ್ಲ. ಇದು ನನಗ ಗೊತ್ತಿಲ್ಲ ನೋಡು.”

“ನೀವು ಸುಮ್ಮ ನಿಂದರ್ರಿ, ಕೂಸು ಎದ್ದೀತು,” ಎಂದೆ. ಹಿಟ್ಟಿನ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ, ಹಾಗೆಯೇ ಬಿಟ್ಟೆ.

ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಬೆಳಗಿತು. ಸೊಸೈಟಿಯ ಗುಂಪಿನಲ್ಲಿ ಹರಿಶ್ಚಂದ್ರ ಕಾಕಾ ಬರೆದಿದ್ದರು: ಮತ್ತೆ ಸುತ್ತಿಗೆಯೇ? ಆ ಗುಂಪಿನಲ್ಲಿ ಇಲ್ಲಿಯವರೆಗೆ ಒಂದಕ್ಷರ ಬರೆಯದ ನಮ್ಮವರು ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮರಾಠಿಯಲ್ಲಿ ಒಂದೊಂದೇ ಅಕ್ಷರ ಒತ್ತಿದರು. ತಾಯಿ ಮಗಳು ಇಬ್ಬರೂ ಮಲಗಿದ್ದಾರೆ, ಯಾರೂ ಗಂಟೆ ಬಾರಿಸಬೇಡಿ, ಎಂದು.

ನಮಗೆ ಇಬ್ಬರಿಗೆ, ಕೆಳಗಿನವರಿಗೆ ಸೇರಿ, ಐದು ರೊಟ್ಟಿ ಸಾಕು. ಬುಟ್ಟಿಯಲ್ಲಿ ಆಗಲೇ ಒಂಬತ್ತು ಇದ್ದವು. ರಂಜಿನಿ ಇನ್ನೂ ಏಳು ಗಂಟೆಯವರೆಗಾದರೂ ಮಲಗಲಿ ಎನಿಸಿತು. ಉಳಿದ ರೊಟ್ಟಿ ಯಾರ ಯಾರ ಮನೆಗೆ ಕೊಡುವುದೆಂದು ಆಮೇಲೆ ನೋಡಿದರಾಯಿತು, ಸೊಸೈಟಿಯಲ್ಲಿ ಮನೆಗಳಿಗೇನು ಕಡಿಮೆ. ಡಬ್ಬಿಯಿಂದ ಇನ್ನೆರಡು ಹಿಡಿ ಹಿಟ್ಟು ತೆಗೆದು ನಾದತೊಡಗಿದೆ.